ಹನ್ನೊಂದು ಅಂಗಿಗಳ ಭಾನುವಾರ

ಸೂಜಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಶಾಲೆಯಲ್ಲಿ ಕಡ್ಡಿಯಂತಿದ್ದಳೆಂದು ಗೆಳತಿಯರು ಇಟ್ಟದ್ದು. ಮುಂದೆ ಹೊಲಿಗೆಯನ್ನೇ ಕಸುಬು ಮಾಡಿಕೊಂಡದ್ದರಿಂದ ಆ ಹೆಸರು ಅಂಟಿಕೊಂಡೇಬಿಟ್ಟಿತು. ಐವತ್ನಾಲ್ಕರ ಹೊತ್ತಿಗೆ ಮೈ ತುಂಬಿಕೊಂಡು ಎರಡು ಸುತ್ತು ದಪ್ಪವಾಗಿದ್ದಳು, ಹೆಸರು ಮಾತ್ರ ಸಣ್ಣಗೇ ಉಳಿದಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿ ಕಡೆಯ ಕಿಟಕಿಯ ಪಕ್ಕ ಮಿಷನ್ನು, ಮೊಳೆಗೆ ತೂಗುಹಾಕಿದ ಅಳತೆಪಟ್ಟಿ, ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿಗಳು. ಉದ್ದದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ರವಿಕೆ ಬಿಚ್ಚಿ ಸಡಿಲ ಮಾಡುವುದು, ರಜೆ ಮುಗಿಯುವುದರೊಳಗೆ ಮಕ್ಕಳ ಸ್ಕೂಲ್ ಅಂಗಿ ಹೊಲಿದುಕೊಡುವುದು, ಇದೇ ಕೆಲಸ. ವಾರಕ್ಕೆ ಆರು ದಿನ ಕತ್ತು ಬಗ್ಗಿಸಿ ಕೂರುತ್ತಿದ್ದಳು. ಬೇಸಿಗೆಯ ಭಾನುವಾರ ಬಂತೆಂದರೆ ಮಾತ್ರ ಮಿಷನ್ನಿಗೆ ಬಟ್ಟೆ ಹೊದಿಸಿ, ಚೀಲ ಹೆಗಲಿಗೇರಿಸಿ, ಯಾರು ಕರೆದರೂ ತಿರುಗಿ ನೋಡದೆ ಹೊರಟುಬಿಡುತ್ತಿದ್ದಳು.

ಹೊರಡುತ್ತಿದ್ದದ್ದು ನಾಲ್ವರು. ಸೂಜಿ, ಆಸ್ಪತ್ರೆಯ ನರ್ಸು, ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಉದ್ದಿ, ಆಮೇಲೆ ಗಿಳಿ. ಒಂದೇ ಬೆಂಚಿನಲ್ಲಿ ಓದಿದವರು. ಇಪ್ಪತ್ತೆರಡು ಬೇಸಿಗೆ ತಪ್ಪದೆ ಹೀಗೆ ಹೋಗಿದ್ದರು. ಒಂದು ವಾರ ಕೆರೆ, ಒಂದು ವಾರ ಗುಡ್ಡ, ಇನ್ನೊಂದು ವಾರ ಬಸ್ಸು ಕೊನೆಗೆ ನಿಲ್ಲುವ ಕಡೆ ಸಿಗುವ ಹೊಳೆದಂಡೆ. ದೂರವೇನಲ್ಲ, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹೆಚ್ಚಿದ ಸೌತೆಕಾಯಿ, ಬಾಟಲಿಯಲ್ಲಿ ನಿಂಬೆಹಣ್ಣಿನ ಪಾನಕ. ಗಂಡ, ಅತ್ತೆ, ಮೇಲಧಿಕಾರಿ ಎಲ್ಲರನ್ನೂ ಅಣಕಿಸಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಗಿಳಿ. ಆ ಹೆಸರು ಬಂದದ್ದೇ ಹಾಗೆ.

ಗಿಳಿಗೆ ಮದುವೆಯಾಗಿರಲಿಲ್ಲ. ಪ್ರೆಸ್ಸೊಂದರಲ್ಲಿ, ಕಾಗದ ಮಡಿಸುವ ದೊಡ್ಡ ಯಂತ್ರದ ಪಕ್ಕ, ಇಪ್ಪತ್ತಾರು ವರ್ಷ ನಿಂತಿದ್ದಳು. ಆ ಯಂತ್ರದ ಸದ್ದು ಅವಳ ಕಿವಿಯನ್ನು ಸ್ವಲ್ಪಸ್ವಲ್ಪವೇ ತಿಂದುಹಾಕಿತು. ಕೆಲಸ ಬಿಡುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಡಾಕ್ಟರು ಕೊಟ್ಟ ಕಿವಿಯಂತ್ರ ಹಾಕಿಕೊಂಡರೆ ಬಸ್ಸಿನ ಗಡಗಡವೆಲ್ಲ ತಲೆಯೊಳಗೇ ಆಗುತ್ತದೆಂದು ಅದನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು.

ಹಿಂದಿನ ಬೇಸಿಗೆಯಲ್ಲಿ ಅದರಿಂದ ಕಿರಿಕಿರಿ ಶುರುವಾಯಿತು. ಉದ್ದಿ ಒಂದು ಜೋಕು ಹೇಳಿ ಮುಗಿಸಿ ಮೂವರೂ ನಕ್ಕಮೇಲೆ ಗಿಳಿ "ಏನಂತೆ? ಏನಂತೆ?" ಅನ್ನುತ್ತಿದ್ದಳು. ಎರಡನೆಯ ಸಲ ಹೇಳಿದರೆ ಜೋಕು ಚಪ್ಪೆ, ಮೂರನೆಯ ಸಲಕ್ಕೆ ಸತ್ತೇಹೋಗುತ್ತಿತ್ತು. ಒಮ್ಮೆ ತುಂಬಿದ ಬಸ್ಸಿನಲ್ಲಿ ಸೂಜಿ ಅವಳ ಕಿವಿಯ ಹತ್ತಿರ, ನರ್ಸಿಗೆ ಮುಟ್ಟು ನಿಂತ ಸಂಗತಿಯನ್ನು ಮೆಲ್ಲಗೆ ಹೇಳಿದಳು. ಗಿಳಿ ಇಡೀ ಬಸ್ಸಿಗೆ ಕೇಳುವ ಹಾಗೆ, "ನಿಂತೇಹೋಯ್ತಾ? ಅವಳಿಗೂನಾ?" ಅಂದಳು. ಮುಂದಿನ ಸೀಟಿನ ಗಂಡಸರು ತಿರುಗಿ ನೋಡಿದರು. ನರ್ಸು ಕಿಟಕಿಯ ಹೊರಗೆ ಮುಖ ಮಾಡಿದವಳು ಇಳಿಯುವ ತನಕ ಒಳಗೆ ತಿರುಗಲಿಲ್ಲ.

ಈ ಬೇಸಿಗೆ ಶುರುವಾಗುವ ಮುಂಚೆ ಉದ್ದಿ ಅಂಗಡಿಗೆ ಬಂದು, ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಈ ಸಲ ನಾವು ಮೂವರೇ ಹೋಗೋಣ ಕಣೆ" ಅಂದಳು. "ವಾರವೆಲ್ಲ ಕಿರುಚಾಡಿ ಸಾಕಾಗಿರುತ್ತೆ. ಅಲ್ಲೂ ಹೋಗಿ ಕಿರುಚಬೇಕಾ?"

"ಗಿಳಿಗೆ ಏನು ಹೇಳೋದು?"

"ಅದು ನಿನ್ನ ಕೆಲಸ. ಅವಳಿಗೆ ಹತ್ತಿರದವಳು ನೀನೇ ತಾನೇ?"

ಆಗುವುದಿಲ್ಲ ಅನ್ನಬಹುದಿತ್ತು. ಸೂಜಿ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ತನ್ನ ಬಾಯಲ್ಲಿ ಬರಬೇಕಾದ ಮಾತನ್ನು ಉದ್ದಿ ಆಡಿದಳೆಂದು ಒಳಗೊಳಗೇ ಹಗುರವಾಗಿತ್ತು. ಮಾರನೆಯ ದಿನ ಗಿಳಿಯ ಮನೆಗೆ ಹೋಗಿ, ಚೆನ್ನಾಗಿ ಕೇಳಿಸಲೆಂದು ಎದುರಿಗೇ ಕೂತು, ಒಂದೊಂದೇ ಮಾತು ಬಿಡಿಸಿ ಸುಳ್ಳು ಹೇಳಿದಳು. ಉದ್ದಿಗೆ ಮಂಡಿನೋವು, ನರ್ಸಿಗೆ ಭಾನುವಾರವೂ ಡ್ಯೂಟಿ, ತನಗಂತೂ ಸ್ಕೂಲ್ ಅಂಗಿಗಳ ರಾಶಿ ಬಿದ್ದಿದೆ, ತಲೆ ಎತ್ತೋಕೂ ಪುರುಸೊತ್ತಿಲ್ಲ.

"ಅಯ್ಯೋ, ಎಲ್ಲರಿಗೂ ಒಟ್ಟಿಗೇ ಬಂತಲ್ಲ" ಅಂದಳು ಗಿಳಿ. "ಹೋಗ್ಲಿ ಬಿಡು. ಮುಂದಿನ ವರ್ಷ ನೋಡೋಣ."

ಅಷ್ಟು ಸುಲಭವಾಗಿ ನಂಬಿದಳಲ್ಲ ಎಂದು ಸೂಜಿಗೆ ದಾರಿಯುದ್ದಕ್ಕೂ ಕಸಿವಿಸಿಯಾಯಿತು. ಭಾನುವಾರ ಬಂದಾಗ ಅದೂ ಮರೆತುಹೋಯಿತು. ಗುಡ್ಡಕ್ಕೆ ಹೋದರು. ಮುಂದಿನ ವಾರ ಹೊಳೆಗೆ. ಯಾರೂ ಯಾವ ಮಾತನ್ನೂ ಎರಡು ಸಲ ಹೇಳಲಿಲ್ಲ. ಅದೇನು ಸುಖ ಅನ್ನಿಸಿತು ಸೂಜಿಗೆ. ಪಿಸುಮಾತಿನಲ್ಲಿ ಎಷ್ಟೊಂದು ಹೇಳಬಹುದೆಂಬುದೇ ಅವಳಿಗೆ ಮರೆತುಹೋಗಿತ್ತು.

ಮೂರನೆಯ ಭಾನುವಾರ ಕೆರೆ. ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದು, ಕಾಲು ನೀರಿಗೆ ಇಳಿಬಿಟ್ಟು ಮಧ್ಯಾಹ್ನವೆಲ್ಲ ಕೂತರು. ಸೂಜಿಯ ಮೂಗು, ಕುತ್ತಿಗೆ ಬಿಸಿಲಿಗೆ ಕೆಂಪಗೆ ಸುಟ್ಟಿದ್ದವು. ಸೀರೆಯ ಅಂಚು ಒದ್ದೆಯಾಗಿಯೇ ಇತ್ತು. ಸಂಜೆ ಗುನುಗಿಕೊಂಡು ಮನೆಗೆ ಬಂದವಳಿಗೆ ಮಿಷನ್ನಿನ ಪಕ್ಕದ ಮೇಜಿನ ಮೇಲೆ ಅಂಗಿಗಳ ಅಟ್ಟಿ ಕಂಡಿತು. ಬಿಳಿ ಸ್ಕೂಲ್ ಅಂಗಿಗಳು. ಬೆಳಿಗ್ಗೆ ಹೋಗುವಾಗ ಗುಂಡಿಯಿಲ್ಲದೆ ಕುಪ್ಪೆಯಾಗಿ ಬಿದ್ದಿದ್ದವು. ಈಗ ಒಂದರ ಮೇಲೊಂದು ಮಡಿಸಿಟ್ಟಿದ್ದವು. ಮೇಲಿನದನ್ನು ಎತ್ತಿ ನೋಡಿದಳು. ಕಾಲರಿನಿಂದ ಕೆಳಗಿನವರೆಗೆ ಏಳೂ ಗುಂಡಿ ಹೊಲಿದಿತ್ತು. ಕೆಳಗಿನದಕ್ಕೂ. ಎಣಿಸಿದರೆ ಹನ್ನೊಂದು ಅಂಗಿ.

"ಇದ್ಯಾರು ಮಾಡಿದ್ದು?" ಅಂದಳು ಒಳಗೆ ತಿರುಗಿ.

ಗಂಡ ಪೇಪರಿನಿಂದ ತಲೆ ಎತ್ತಿದ. ಪಾಪ, ಅವನಿಗೆ ಈ ಸುಳ್ಳಿನ ವಿಷಯವೇ ಗೊತ್ತಿರಲಿಲ್ಲ. "ಗಿಳಿ ಬಂದಿದ್ರಲ್ಲ. ನೀನು ಹೊರಟು ಒಂದು ಗಂಟೆ ಆದ್ಮೇಲೆ. ಸೂಜಿಗೆ ಕೆಲಸದ ರಾಶಿ ಬಿದ್ದಿದೆಯಂತೆ, ನಾನು ಸುಮ್ನೆ ಕೂತಿರ್ತೀನಿ, ಗುಂಡಿಯಾದ್ರೂ ಹಚ್ಚಿಕೊಡ್ತೀನಿ ಅಂತ. ಕನ್ನಡಕ, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕೋ ಟೋಪಿ ಎಲ್ಲ ತಂದಿದ್ರು."

"ನೀವು ಏನಂದ್ರಿ?"

"ಇನ್ನೇನಂತೀನಿ? ಅವರು ಮೂವರೂ ಕೆರೆಗೆ ಹೋದ್ರು, ನೀವು ಹೋಗ್ಲಿಲ್ವಾ ಅಂದೆ. ಕೇಳಿಸ್ಲಿಲ್ಲ ಅನ್ಸುತ್ತೆ, ಸುಮ್ನೆ ನನ್ನ ಮುಖ ನೋಡ್ತಾ ನಿಂತ್ರು. ಅದಕ್ಕೆ ಇನ್ನೊಂದು ಸಲ ಜೋರಾಗಿ ಹೇಳಿದೆ."

"ಆಮೇಲೆ?"

"ಆಮೇಲೇನು, ಕೂತು ಹೊಲಿದ್ರು. ಟೀ ಮಾಡಿಕೊಟ್ಟೆ. ಮೂರು ಗಂಟೆ ತನಕ ಇದ್ರು. ಯಾಕೆ, ಏನಾಯ್ತು?"

ಸೂಜಿ ಅಂಗಿಯನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು. ಗಿಳಿ ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಬಾಗಿಲಿನಿಂದಲೇ ತಿರುಗಿ ಹೋಗಿದ್ದರೂ ತಡೆದುಕೊಳ್ಳಬಹುದಿತ್ತು. ಗೊತ್ತಾದಮೇಲೂ ಕೂತು, ದಾರ ಪೋಣಿಸಿ, ಎಪ್ಪತ್ತೇಳು ಗುಂಡಿ ಹಚ್ಚಿ, ಹಲ್ಲಿನಲ್ಲಿ ದಾರ ಕಚ್ಚಿ ಮಡಿಸಿಟ್ಟು ಹೋಗಿದ್ದಳಲ್ಲ, ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸುಟ್ಟ ಮುಖ ತೊಳೆಯಲು ಹೋದರೆ ನೀರು ಚುರುಚುರು ಎಂದಿತು. ಕನ್ನಡಿ ನೋಡದೆ ಒರೆಸಿಕೊಂಡಳು.

ಸೋಮವಾರ ಅಂಗಡಿ ತೆರೆಯದೆ ಗಿಳಿಯ ಮನೆಗೆ ಹೋದಳು. ಅದು ಮಹಡಿಯ ಮೇಲಿನ ಒಂಟಿ ಕೋಣೆ. ಸೆಕೆಗೆ ಕಿಟಕಿ ಬಾಗಿಲು ಎಲ್ಲ ತೆರೆದಿದ್ದವು. ಮೂರು ಮಾರು ಆಚೆ ಎದುರುಮನೆಯ ಬಾಲ್ಕನಿ, ಅಲ್ಲೊಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಗಿಳಿ ಮಂಚದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. "ಬಾ" ಅಂದಳು, ಎಂದಿನಂತೆ.

ಸೂಜಿ ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ಮಾತನ್ನು ಅವಳ ಕಣ್ಣು ತಪ್ಪಿಸಿ ಮೆಲ್ಲಗೆ ಹೇಳಿದಳು.

"ಏನು? ಕೇಳಿಸ್ಲಿಲ್ಲ."

"ನಾನು ಸುಳ್ಳು ಹೇಳಿದ್ದೆ ಅಂದೆ."

"ಇನ್ನೂ ಜೋರಾಗಿ ಹೇಳೇ."

"ಸುಳ್ಳು ಹೇಳಿದ್ದೆ!" ಸೂಜಿಯ ದನಿ ಕಿಟಕಿ ದಾಟಿತು. "ಮಂಡಿನೋವು, ಡ್ಯೂಟಿ ಎಲ್ಲ ಸುಳ್ಳು!"

ಬಾಲ್ಕನಿಯ ಹೆಂಗಸಿನ ಕೈ ತಂತಿಯ ಮೇಲೆಯೇ ನಿಂತಿತು. ಗಿಳಿ ಮಡಿಲಿನ ಹುರುಳಿಕಾಯಿಯನ್ನು ಪಕ್ಕಕ್ಕಿಟ್ಟಳು. "ಯಾಕೆ?" ಅಂದಳು.

ಈ ಪ್ರಶ್ನೆಗೆ ಸೂಜಿ ತಯಾರಾಗಿ ಬಂದಿರಲಿಲ್ಲ. ಕ್ಷಮಿಸು ಅಂದರೆ ಮುಗಿಯಿತು ಎಂದುಕೊಂಡಿದ್ದಳು. ಮೆಲ್ಲಗೆ ಏನೋ ಅಂದಳು. ಗಿಳಿ ಬಲಗಿವಿಯನ್ನು ಮುಂದೆ ಮಾಡಿದಳು.

"ನೀನಿದ್ರೆ ಕಷ್ಟ ಆಗುತ್ತೆ ಅಂತ!" ಸೂಜಿ ಕೂಗಿದಳು. "ಎಲ್ಲ ಎರಡೆರಡು ಸಲ ಹೇಳಬೇಕು ಅಂತ! ಬಸ್ಸಲ್ಲಿ ಜನ ನೋಡ್ತಾರೆ ಅಂತ!"

ಕೂಗಿದ ಮೇಲೆ ಅಳು ಬಂತು. ಕೆಳಗಿನ ಮನೆಯಲ್ಲಿ ರೇಡಿಯೋದ ಸದ್ದನ್ನು ಯಾರೋ ಕಡಿಮೆ ಮಾಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಗಿಳಿ ಕೈಗಂಟಿದ ನಾರನ್ನು ಕೊಡವಿದಳು. ಆಮೇಲೆ, "ಎಷ್ಟು ಸಲ ಹೋಗಿದ್ರಿ?" ಅಂದಳು.

"ಮೂರು ಸಲ."

"ಹೊಳೆಗೂ ಹೋಗಿದ್ರಾ?"

"ಹೂಂ."

"ನೀರಿತ್ತಾ ಈ ವರ್ಷ?"

"ಮಂಡಿ ತನಕ."

ಗಿಳಿ ತಲೆಯಾಡಿಸಿದಳು. "ಈಗ ಮೊದಲನೇ ಸಲ ಅಂದಾಗ್ಲೇ ನಿನ್ನ ತುಟಿ ನೋಡಿ ಗೊತ್ತಾಯ್ತು, ಸುಳ್ಳು ಹೇಳಿದ್ದೆ ಅಂತಿದ್ದೀಯಾ ಅಂತ" ಅಂದಳು. "ಆದ್ರೂ ನೀನು ಜೋರಾಗಿ ಹೇಳಬೇಕಿತ್ತು. ನಿಮ್ಮ ಯಜಮಾನ್ರು ನನಗೆ ಜೋರಾಗಿ ಹೇಳಿದ್ರಲ್ಲ, ಹಾಗೆ. ನಿನ್ನೆ ಎದ್ದು ಬಂದುಬಿಡೋಣ ಅನ್ಕೊಂಡೆ. ಮೆಟ್ಟಿಲಲ್ಲಿ ನಿಮ್ಮ ಪಕ್ಕದ ಮನೆಯವರು ನಿಂತಿದ್ರು. ಕೆಲಸಕ್ಕೆ ಅಂತ ಬಂದವಳು ಹಾಗೇ ವಾಪಸು ಹೋಗೋದು ಹೇಗೆ? ನಾಚಿಕೆ ಆಯ್ತು ಕಣೆ. ಅದಕ್ಕೇ ಕೂತೆ."

ನಾಚಿಕೆಪಟ್ಟವಳು ಗಿಳಿ! ತಪ್ಪು ಮಾಡಿದವಳು ಕೆರೆಯಲ್ಲಿ ಕಾಲಾಡಿಸುತ್ತಿದ್ದ ಹೊತ್ತಿಗೆ, ತಪ್ಪೇ ಮಾಡದವಳು ನಾಚಿಕೆ ಮುಚ್ಚಿಕೊಳ್ಳಲು ಗುಂಡಿ ಹಚ್ಚುತ್ತಿದ್ದಳು. ಸೂಜಿಯನ್ನು ಮುಂದಿನ ಎಷ್ಟೋ ದಿನ ಕಾಡಿದ್ದು ಇದೇ.

ಆ ವಾರ ಉದ್ದಿಗೂ ನರ್ಸಿಗೂ ನಡೆದದ್ದನ್ನೆಲ್ಲ ಹೇಳಿದಳು. ನರ್ಸು ಕಣ್ಣೊರೆಸಿಕೊಂಡಳು. ಉದ್ದಿ, "ನಾವೇನು ಕೊಲೆ ಮಾಡಿದ್ವಾ?" ಎಂದು ರೇಗಿದಳು. ಆದರೂ ಶನಿವಾರ ಮೂವರೂ ಕೂಡಿ ಗಿಳಿಯನ್ನು ಕರೆಯಲು ಹೋದರು. ಉದ್ದಿಯೇ ಎಲ್ಲರಿಗಿಂತ ಮುಂದೆ ನಿಂತು ಕ್ಷಮೆ ಕೇಳಿದಳು. ಗಿಳಿ ನಕ್ಕಳು, ಕಲ್ಲಂಗಡಿ ಹೆಚ್ಚಿಕೊಟ್ಟಳು, ಬರುವುದಿಲ್ಲ ಅಂದಳು. "ಕೋಪ ಇಲ್ಲ. ನೀವು ನನಗೋಸ್ಕರ ಸಹಿಸ್ಕೊಂಡು ಕೂತಿರೋದನ್ನ ನೋಡ್ತಾ ನನಗೆ ಊಟ ಇಳಿಯಲ್ಲ. ನೀವು ಹೋಗಿ ಬನ್ನಿ."

ಅವರೂ ಹೋಗಲಿಲ್ಲ. ಆ ಬೇಸಿಗೆಯ ಉಳಿದ ಭಾನುವಾರಗಳನ್ನು ಸೂಜಿ ಮಿಷನ್ನಿನ ಮುಂದೆಯೇ ಕಳೆದಳು. ಹನ್ನೊಂದು ಅಂಗಿಗಳನ್ನು ಮಕ್ಕಳ ಮನೆಯವರು ಒಬ್ಬೊಬ್ಬರಾಗಿ ಬಂದು ಒಯ್ದರು. "ಗುಂಡಿ ಗಟ್ಟಿಯಾಗಿ ಹಚ್ಚಿದ್ದೀರಿ" ಎಂದು ಒಬ್ಬಾಕೆ ಹೊಗಳಿದಳು. ನಾನಲ್ಲ, ನನ್ನ ಗೆಳತಿ ಎಂದು ಹೇಳಲು ಹೊರಟು, ಮುಂದೆ ಇನ್ನೇನು ಕೇಳುತ್ತಾಳೋ ಎಂಬ ಅಳುಕಿನಿಂದ ಸೂಜಿ ಅದನ್ನೂ ನುಂಗಿಕೊಂಡಳು. ಮಾಡಿದ ಹೇಡಿತನ ಸಾಲದೆಂದು ಇನ್ನೊಂದು.

ವರ್ಷವಿಡೀ ವಾರಕ್ಕೊಮ್ಮೆ ಗಿಳಿಯ ಮನೆಗೆ ಹೋಗುತ್ತಿದ್ದಳು. ಮೊದಮೊದಲು ಮಾತು ಸಲೀಸಾಗಿರಲಿಲ್ಲ. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂತರೆ, ಅವಸರ ಮಾಡದೆ ತುಟಿ ಬಿಚ್ಚಿ ಮಾತಾಡಿದರೆ ಗಿಳಿ ಮುಕ್ಕಾಲು ಪಾಲು ಹಿಡಿಯುತ್ತಾಳೆಂದು ತಿಂಗಳುಗಳ ಮೇಲೆ ತಿಳಿಯಿತು. ಅಷ್ಟೇ ಬೇಕಿದ್ದದ್ದು. ಇಪ್ಪತ್ತೆರಡು ಬೇಸಿಗೆಯ ಗೆಳತಿಯರಲ್ಲಿ ಒಬ್ಬಳಾದರೂ "ನಿನಗೆ ಹೇಗೆ ಅನುಕೂಲ?" ಎಂದು ಕೇಳಿರಲಿಲ್ಲ.

ಮರುವರ್ಷ ಬಿಸಿಲು ಏರತೊಡಗಿದಾಗ ಗಿಳಿಯೇ ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತಳು, ತಲೆಗೆ ಟೋಪಿ, ಕೈಯಲ್ಲಿ ಚೀಲ. "ನಡಿ, ಹೊಳೆಗೆ ಹೋಗೋಣ. ನಾವಿಬ್ಬರೇ. ಅವರನ್ನ ಆಮೇಲೆ ನೋಡೋಣ" ಅಂದಳು. ಸೂಜಿ ಅರ್ಧ ಹೊಲಿದ ಬಟ್ಟೆಯನ್ನು ಮಿಷನ್ನಿನಲ್ಲೇ ಬಿಟ್ಟು ಹೊರಟಳು.

ಬಸ್ಸು ತುಂಬಿತ್ತು. ಗಡಗಡ ಸದ್ದಿನಲ್ಲಿ ಗಿಳಿ ಏನೋ ಕೇಳಿದಳು, ಸೂಜಿ ಗಂಟಲೆತ್ತಿ ಉತ್ತರ ಕೊಟ್ಟಳು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಸೂಜಿಯ ಕಿವಿ ಬಿಸಿಯಾಯಿತು, ದನಿ ತಾನಾಗಿಯೇ ತಗ್ಗಿತು. ಇಷ್ಟೆಲ್ಲ ಆದಮೇಲೂ ಹಾಗಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಗಿಳಿ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡಿದ್ದು ಅರ್ಥವಾಗಿತ್ತೆಂಬುದರಲ್ಲಿ ಸಂಶಯವಿರಲಿಲ್ಲ.

ಸೂಜಿ ಪಕ್ಕಕ್ಕೆ ಹೊರಳಿ ಅವಳಿಗೆ ಎದುರಾಗಿ ಕೂತಳು. ಅದೇ ಉತ್ತರವನ್ನು, ಬಸ್ಸಿನವರೆಲ್ಲ ಕೇಳಿದರೂ ಕೇಳಲಿ ಎಂದು, ಮೊದಲಿನಿಂದ ಇನ್ನೊಮ್ಮೆ ಹೇಳಿದಳು.