ಕಾಕಾನ ಪಾಸ್‌ವರ್ಡ್

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅಹಮದಾಬಾದಿನ ಮಣಿನಗರದಲ್ಲಿ ಬಾಡಿಗೆಗಿದ್ದಾಗ, ಗುಜರಾತಿನಲ್ಲಿದ್ದ ನಾವು ಕೆಲವು ಕನ್ನಡದವರು ಸೇರಿ ಒಂದು ಬ್ಲಾಗು ನಡೆಸುತ್ತಿದ್ದೆವು. ಅದರ ಸಾಫ್ಟ್‌ವೇರ್ ನೋಡಿಕೊಳ್ಳುವ ಹಣೆಬರಹ ನನ್ನದು. ಒಂದು ಭಾನುವಾರ ಹೊಸ ಆವೃತ್ತಿ ಹಾಕಿದೆ, ಮುಗಿಯಿತು ಕಥೆ. ಯಾರಿಗೂ ಲಾಗಿನ್ ಆಗುತ್ತಿಲ್ಲ, ಫೋನಿನ ಮೇಲೆ ಫೋನು. ಬ್ರೌಸರಿನ ಕುಕಿ ಅಳಿಸಿ ನೋಡಿ ಅಂತ ಹೇಳಿ ಹೇಳಿ ಗಂಟಲು ಒಣಗಿತು. ಸೂರತ್ತಿನ ಉಧ್ನಾದಲ್ಲಿದ್ದ ಗೆಳತಿಗೆ ಸಂಜೆಯೊಳಗೆ ಸರಿಹೋಯಿತು, ಉಳಿದವರಿಗೂ ಆಯಿತು. ವಡೋದರಾದ ಕಾಕಾ ಒಬ್ಬರಿಗೆ ಮಾತ್ರ ಆಗಲಿಲ್ಲ.

ಸ್ವಂತ ಕಾಕಾ ಏನಲ್ಲ. ನಮ್ಮ ಧಾರವಾಡ ಕಡೆಯವರು, ಕೇಂದ್ರದ ಸಂಶೋಧನಾ ಸಂಸ್ಥೆಯೊಂದರಿಂದ ನಿವೃತ್ತರಾಗಿದ್ದರು. ತಮ್ಮ ಓಣಿಯ ದರ್ಜಿ, ಕಾಲೇಜಿಗೆ ತುಳಿದ ಸೈಕಲ್ಲು ಅಂತ ವಾರಕ್ಕೊಂದು ಬರೆಯುತ್ತಿದ್ದರು. ಓದಿ ಆಫೀಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಅವರಿಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟು, ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅದೂ ತಪ್ಪು ಎಂದು ತೋರಿಸಿತು. ನಾನು ಹಾಕಿದರೆ ತೆರೆಯುತ್ತದೆ, ಅವರು ಹಾಕಿದರೆ ಇಲ್ಲ! ಸರಿಯಾಗಿ ನೋಡಿ ಒತ್ತಿರಿ ಎಂದು ರೇಗಿಬಿಟ್ಟೆ. ಅವರು ಆಯ್ತವ್ವ ಎಂದು ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ.

ಕೆಲವು ದಿನ ಬಿಟ್ಟು ಅವರ ಹೆಂಡತಿ, ಕಾಕು, ಫೋನ್ ಮಾಡಿದರು. ಕಾಕಾ ಕಂಪ್ಯೂಟರಿಗೆ ಬಟ್ಟೆ ಹೊದಿಸಿಬಿಟ್ಟಿದ್ದಾರೆ, ಊಟ ಸೇರುತ್ತಿಲ್ಲ ಎಂದರು. ಕಾಕಾನ ಅಣ್ಣನಿಗೆ ಮರೆವಿನ ರೋಗ ಬಂದಿತ್ತಂತೆ. ಮೊದಲು ಹೀಗೇ ಸಣ್ಣಪುಟ್ಟದ್ದು ಮರೆಯುತ್ತಿದ್ದವರಿಗೆ ಕೊನೆಗೆ ಕಟ್ಟಿಕೊಂಡ ಹೆಂಡತಿಯ ಗುರುತೂ ಇರಲಿಲ್ಲವಂತೆ. ನನಗೂ ಶುರುವಾಯಿತು ಎಂದು ಕಾಕಾ ಹೇಳಿಕೊಂಡಿದ್ದರು.

ಶನಿವಾರ ಬೆಳಿಗ್ಗೆಯೇ ರೈಲು ಹತ್ತಿದೆ. ಕಾಕು ಕೊಟ್ಟ ಒಗ್ಗರಣೆ ಅವಲಕ್ಕಿ ತಿಂದು, ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆ ಸರಿಸಿ, ಕಾಕಾನನ್ನು ಅದರ ಮುಂದೆ ಕೂರಿಸಿದೆ. ಬೇಡ ಬಿಡು ಅನ್ನುತ್ತಲೇ ಕೂತರು. ನಾನು ಹೇಳಿಕೊಟ್ಟ ಪಾಸ್‌ವರ್ಡಿನ ಒಂದು ಕೀಲಿಯೂ ತಪ್ಪಲಿಲ್ಲ. ಆದರೂ ತೆರೆಯಲಿಲ್ಲ.

ಆಗ ಪರದೆಯ ಮೂಲೆಗೆ ನನ್ನ ಕಣ್ಣು ಹೋಯಿತು. ಕನ್ನಡ ಟೈಪ್ ಮಾಡುವ ತಂತ್ರಾಂಶ ಚಾಲೂ ಇತ್ತು. ಕಾಕಾ ಬರೆಯುವುದೆಲ್ಲ ಕನ್ನಡವೇ, ಅದನ್ನು ಅವರು ಬಂದ್ ಮಾಡಿದ್ದೇ ಇಲ್ಲ. ಪಾಸ್‌ವರ್ಡಿನ ಜಾಗದಲ್ಲಿ ಕಾಣುವುದು ಬರೀ ಚುಕ್ಕಿ. ಅದರ ಒಳಗೆ ಮೊದಲಿನಿಂದಲೂ ಕನ್ನಡದ ಅಕ್ಷರವೇ ಹೋಗುತ್ತಿತ್ತೆಂದು ಅವರಿಗೂ ಗೊತ್ತಿಲ್ಲ, ನನಗೂ ಹೊಳೆದಿರಲಿಲ್ಲ. ಹಳೆಯ ಸಾಫ್ಟ್‌ವೇರ್ ಅದನ್ನು ಒಪ್ಪಿಕೊಂಡು ಒಳಗೆ ಬಿಡುತ್ತಿತ್ತು. ಹೊಸದಕ್ಕೆ ಇಂಗ್ಲಿಷ್ ಅಕ್ಷರವೇ ಆಗಬೇಕು.

ತಂತ್ರಾಂಶ ಬಂದ್ ಮಾಡಿ, ಈಗ ಒತ್ತಿ ನೋಡಿ ಎಂದೆ. ಒಂದೇ ಸಲಕ್ಕೆ ತೆರೆಯಿತು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಕಾಕಾ ಬ್ಲಾಗಿನ ಕಡೆ ನೋಡಲೇ ಇಲ್ಲ.

"ಅಂದ್ರ ನಾ ಮರತಿದ್ದಿಲ್ಲ?"

"ಒಂದಕ್ಷರಾನೂ ಮರತಿದ್ದಿಲ್ಲ ಕಾಕಾ."

ಕನ್ನಡಕ ತೆಗೆದು, ಅದನ್ನು ಒರೆಸುವುದೋ ಕಣ್ಣು ಒರೆಸುವುದೋ ತಿಳಿಯದೆ, ಹಾಗೇ ಕೈಯಲ್ಲಿ ಹಿಡಿದು ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಕಾಕು ಪಾತ್ರೆ ತೊಳೆಯುತ್ತಿದ್ದ ನಲ್ಲಿಯ ಸದ್ದು ನಿಂತಿತು. ನಾನು ಅವರ ಕುರ್ಚಿಯಲ್ಲಿ ಕೂತು ಏನೋ ಕೆಲಸ ಇರುವವಳ ಹಾಗೆ ಮೌಸ್ ಆಡಿಸುತ್ತಿದ್ದೆ. ಕಾಕುವಿಗೆ ಅವರು ಹೇಳಿದ್ದು ಮೆಲ್ಲಗೇ, ಆದರೆ ಮನೆ ಸಣ್ಣದು, ಕೇಳಿಸಿತು.

"ಅಳಬ್ಯಾಡ. ನಿನ್ನ ಗುರ್ತು ನಂಗ ಇರ್ತದ."