ಆರನೆಯ ಎಸಳು

ನಾನು ಇಂಥದ್ದನ್ನು ನಂಬುವವನಾಗಿರಲಿಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಮೂವತ್ತು ವರ್ಷ ಔಷಧ ಕಂಪನಿಯ ಲ್ಯಾಬಿನಲ್ಲಿ ದುಡಿದ ನನ್ನ ಬುದ್ಧಿ ಮೊದಲು ಸಾಕ್ಷಿ ಕೇಳುತ್ತಿತ್ತು. ಈಗ ನಾನೇ ಹೇಳಹೊರಟಿರುವುದಕ್ಕೆ ಸಾಕ್ಷಿ ಇಲ್ಲ. ಆ ಹೂವನ್ನು ನೋಡಿದ್ದು ನಾನೊಬ್ಬನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮುಲುಂಡಿನ ನಮ್ಮ ಮನೆಯಲ್ಲಿ ಇರುವುದು ಮೂವರು: ನಾನು, ಮಗಳು ನೇಹಾ, ನನ್ನ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಹತ್ತು ವರ್ಷ, ಅಕ್ಕನಿಗೆ ಇಪ್ಪತ್ತೆರಡು. ಉಡುಪಿಯಿಂದ ನನ್ನನ್ನು ಇಲ್ಲಿಗೆ ಕರೆತಂದು, ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ ಸಾಕಿದಳು. ಮದುವೆ ಆಗಲಿಲ್ಲ.

ನಿವೃತ್ತಳಾದ ಮೇಲೆ ಅವಳಿಗೆ ಸನ್‌ಡ್ಯೂ ಗಿಡಗಳ ಹುಚ್ಚು ಹಿಡಿಯಿತು. ಎಲೆಯ ಮೇಲಿನ ಕೆಂಪು ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹೊತ್ತು, ಬಂದು ಕೂತ ಸೊಳ್ಳೆಯನ್ನು ಹಿಡಿದು ಅರಗಿಸಿಕೊಳ್ಳುವ ಪುಟ್ಟ ಗಿಡಗಳು ಅವು. ಪವಾಯಿಯ ಗೆಳತಿಯೊಬ್ಬರು ಧೂಳಿನಂಥ ಬೀಜಗಳ ಪೊಟ್ಟಣ ಕೊಟ್ಟು, ಎರಡು ಜಾತಿ ಬೆರೆತುಹೋಗಿವೆ ಎಂದಿದ್ದರು. ಒಂದು ನಮ್ಮ ಕರಾವಳಿಯ ಪಾದೆಕಲ್ಲುಗಳ ಮೇಲೂ ಬೆಳೆಯುವ ಬರ್ಮಾನಿ. ಅದರ ಹೂ ಬಿಳಿ. ಇನ್ನೊಂದು ಹೊರದೇಶದ ಸ್ಪಾಟುಲಾಟಾ. ಅದರ ಹೂ ಹೆಚ್ಚಾಗಿ ಗುಲಾಬಿ ಬಣ್ಣ. ಸಸಿಯಾಗಿದ್ದಾಗ ಎರಡೂ ಒಂದೇ, ಮಣ್ಣಿಗಂಟಿದ ಅಂಗಿಯ ಗುಂಡಿಯ ಹಾಗೆ.

ಕಿಟಕಿಯ ಗ್ರಿಲ್ಲಿನಲ್ಲಿ ಸಾಲಾಗಿ ಇಟ್ಟಿದ್ದ ಕುಂಡಗಳಲ್ಲಿ ಮೂರನೆಯದರ ಸಸಿಯ ಬಗ್ಗೆ ನಮಗಿಬ್ಬರಿಗೂ ದಿನವೂ ಜಗಳ. ಭೂತಗನ್ನಡಿ ಹಿಡಿದು ನಾನು ಬರ್ಮಾನಿ ಎಂದರೆ ಅಕ್ಕ ಒಪ್ಪುತ್ತಿರಲಿಲ್ಲ.

"ಎಲೆಯ ತೊಟ್ಟು ಕಾಣುದಿಲ್ವಾ ಮಾರಾಯ ನಿಂಗೆ? ಚಮಚದ ಹಿಡಿಯ ಹಾಗೆ ಸಪೂರ ಉಂಟು. ಇದು ನಮ್ಮ ಊರಿದ್ದಲ್ಲ."

"ಹೂ ಬರ್ಲಿ, ಆಗ ಗೊತ್ತಾಗ್ತದೆ," ಎನ್ನುತ್ತಿದ್ದೆ.

ದಂಟು ಮೇಲೆದ್ದು ಮೊಗ್ಗು ಕಟ್ಟುವಷ್ಟರಲ್ಲಿ ಅಕ್ಕನಿಗೆ ನ್ಯುಮೋನಿಯಾ ಆಯಿತು. ಐಸಿಯುಗೆ ಸೇರಿಸಿ, ವೆಂಟಿಲೇಟರ್ ಹಾಕಿ, ಎಚ್ಚರ ಬಾರದಂತೆ ಮದ್ದು ಕೊಟ್ಟು ಮಲಗಿಸಿದರು. ಐದನೆಯ ದಿನ ಬೆಳಿಗ್ಗೆ ಡಾಕ್ಟರು, ಊರಿನವರಿಗೆ ತಿಳಿಸುವುದಿದ್ದರೆ ತಿಳಿಸಿಬಿಡಿ ಎಂದರು. ನೇಹಾಳನ್ನು ಐಸಿಯುವಿನ ಹೊರಗೆ ಕೂರಿಸಿ, ನನ್ನ ಫೋನನ್ನೂ ಅವಳ ಬಳಿ ಚಾರ್ಜಿಗೆ ಬಿಟ್ಟು, ಸ್ನಾನಕ್ಕೆಂದು ನಾನು ಮನೆಗೆ ಬಂದೆ.

ಹತ್ತು ಗಂಟೆ ಇರಬೇಕು. ಕಿಟಕಿಯ ಗ್ರಿಲ್ಲಿನಲ್ಲಿ ಒಳ್ಳೆಯ ಬಿಸಿಲು. ಮೂರನೆಯ ಕುಂಡದಲ್ಲಿ ಒಂದು ಹೂ ಅರಳಿತ್ತು, ಗುಲಾಬಿ ಬಣ್ಣದ್ದು. ಭೂತಗನ್ನಡಿ ಹಿಡಿದೆ. ಈ ಹೂವಿಗೆ ಐದು ಎಸಳು ಇರಬೇಕು. ಅದಕ್ಕೆ ಆರಿದ್ದವು. ಎರಡೆರಡು ಸಲ ಎಣಿಸಿದೆ. ಅಕ್ಕ ಗೆದ್ದಿದ್ದಳು, ಅವಳಿಗೆ ಹೇಳುವುದಾದರೂ ಹೇಗೆ? ಬನಿಯನ್ನಿನಲ್ಲೇ ಅಲ್ಲಿ ನಿಂತು, ಗ್ರಿಲ್ಲಿಗೆ ಹಣೆ ಆನಿಸಿ ಅತ್ತುಬಿಟ್ಟೆ. ಅಮ್ಮ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಅದು ಬೆಳಿಗ್ಗೆ ಅರಳಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುವ ಹೂ. ಸಂಜೆ ಬಂದು ನೋಡಿದಾಗ ಮುದುಡಿ ಮುದ್ದೆಯಾಗಿತ್ತು. ನೇಹಾಳಿಗೂ ಹೇಳಲಿಲ್ಲ. ಹೂವಿನ ಸುದ್ದಿ ಹೇಳುವ ಹೊತ್ತು ಅದಾಗಿರಲಿಲ್ಲ.

ಆ ರಾತ್ರಿ ಅಕ್ಕನ ಜ್ವರ ಇಳಿಯಿತು. ಮೂರು ದಿನಗಳ ನಂತರ ಗಂಟಲಿನ ನಳಿಗೆ ತೆಗೆದರು. ನಾನೂ ನೇಹಾಳೂ ಹಾಸಿಗೆಯ ಬಳಿ ನಿಂತಿದ್ದೆವು. ಅಕ್ಕ ಕಣ್ಣು ಬಿಟ್ಟು, ಒಡೆದ ದನಿಯಲ್ಲಿ ಕೇಳಿದಳು:

"ಮೂರನೇದು ಗುಲಾಬಿ ಅಲ್ವಾ?"

"ಯಾರು ಹೇಳಿದ್ರು ನಿಂಗೆ?" ಎಂದೆ.

"ಆರು ಎಸಳು. ಅದಕ್ಕೆ ಅಷ್ಟು ಅಳುದಾ? ಬನಿಯನ್ನಲ್ಲಿ, ಗ್ರಿಲ್ಲಿಗೆ ತಲೆ ಕೊಟ್ಟು... ಆಚೆ ಬಿಲ್ಡಿಂಗಿನವರು ನೋಡಿದ್ರೆ ಎಂತ ಹೇಳಿಯಾರು?"

ಹೊರಗೆ ಬಂದ ಮೇಲೆ ನೇಹಾ ತನ್ನ ಹಿಂದಿ ಬೆರೆತ ಕನ್ನಡದಲ್ಲಿ, "ಪಪ್ಪಾ, ಅತ್ತೆ ಗೆಸ್ ಮಾಡಿದ್ದು ಇರ್ಬೇಕು. ದವಾಯಿಯಿಂದ ಐಸಾ ಹೋತಾ ಹೈ," ಎಂದಳು. ಆಮೇಲೆ ಕೇಳಿದಳು, "ನೀವು ಸಚ್ಚೀ ಅತ್ರಾ?" ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಇದಾಗಿ ನಾಲ್ಕು ವರ್ಷ. ನಾನು ಎಷ್ಟೋ ತರ್ಕ ಮಾಡಿದ್ದೇನೆ. ಗುಲಾಬಿ ಎಂಬುದು ಅವಳ ಹಳೆಯ ವಾದವೇ. ಊಹೆ ಸರಿಯಾಯಿತು ಎನ್ನೋಣ. ತಾನು ಸಾಕಿದ ತಮ್ಮ ಬನಿಯನ್ನಿನಲ್ಲಿ ನಿಂತು ಅಳುತ್ತಾನೆ ಎಂದೂ ಊಹಿಸಬಹುದು. ಆದರೆ ಆರನೆಯ ಎಸಳು? ಆ ಗಿಡ ಆಮೇಲೆ ಬಹಳ ಹೂ ಬಿಟ್ಟಿದೆ. ನಾನು ಒಂದನ್ನೂ ಎಣಿಸದೆ ಬಿಟ್ಟಿಲ್ಲ. ಎಲ್ಲಕ್ಕೂ ಐದೇ.

ಒಂದೇ ಒಂದು ಸಲ ಅಕ್ಕನನ್ನು ಕೇಳಿದ್ದುಂಟು. ಅವಳು ಕುಂಡದ ತಟ್ಟೆಗೆ ಮಳೆನೀರು ಸುರಿಯುತ್ತಿದ್ದಳು. ಆ ದಿನ ಎಂತ ಆದದ್ದು ಎಂದೆ.

"ಎಂತ ಇಲ್ಲ," ಎಂದಳು. "ಕಿಟಕಿ ಹತ್ರ ನೀನು ಒಬ್ನೇ ನಿಂತಿದ್ದಿ. ಇವನನ್ನು ಹೀಗೆ ಬಿಟ್ಟು ಹೋಗುದು ಹೇಗೆ ಅಂತ ಕಂಡಿತು."

ನೀನು ಎಲ್ಲಿ ನಿಂತು ನೋಡಿದೆ ಎಂದು ಕೇಳಬೇಕಿತ್ತು. ಇವತ್ತಿಗೂ ಕೇಳಿಲ್ಲ.