ಹಾಲೇಶಣ್ಣನ ಕೈಗಳು

ಯಾರಾದರೂ ಕಂಪ್ಯೂಟರ್ ಮುಂದೆ ಕೂತರೆ ಸಾಕು, ಹಾಲೇಶಣ್ಣ ತನ್ನೆರಡು ಅಂಗೈಗಳನ್ನೂ ತೊಡೆಯ ಕೆಳಗೆ ತುರುಕಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಶಿಕಾರಿಪುರದಲ್ಲಿದ್ದ ಅವನ ರಿಪೇರಿ ಅಂಗಡಿಗೆ ಮೊದಲ ಸಲ ಹೋದಾಗ ನನಗಿದು ನಾಟಕ ಅನ್ನಿಸಿ ಕೇಳಿಯೇಬಿಟ್ಟೆ.

"ಕೈ ಬಿಟ್ರೆ ಮೌಸ್ ಕಿತ್ಕೊಂಬಿಡ್ತೀನವ್ವಾ," ಅಂದ. "ನಾನ್ ಕಿತ್ಕೊಂಡ್ರೆ ಅವ್ರು ಕಲಿಯೋದು ಯಾವಾಗ?"

ನಾನು ಸೊರಬದವಳು. ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಯಾರು ಏನೇ ಹೇಳಿದರೂ ಅದರಲ್ಲಿ ಬಿರುಕು ಹುಡುಕುವುದು ಅಭ್ಯಾಸವಾಗಿತ್ತು. ಆ ಮಾತಿನಲ್ಲಿ ಸಿಗಲಿಲ್ಲ.

ಹಳೇ ಕಂಪ್ಯೂಟರುಗಳಿಗೆ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವುದು ಅವನ ಹುಚ್ಚು. ಹಾಕುವಾಗ ಬರುವ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ಅವೂ ಬಲ್ಲವರಿಗಷ್ಟೇ ತಿಳಿಯುವಂಥವು. ಆ ಪ್ರಶ್ನೆ ಕೇಳುವ ಭಾಗವನ್ನೇ, ಅಂದರೆ ಇನ್‌ಸ್ಟಾಲರನ್ನೇ, ಕನ್ನಡದಲ್ಲಿ ಹೊಸದಾಗಿ ಮಾಡೋಣ ಅಂದ. ಕೋಡ್ ಅವನದು, ಮಾತು ನನ್ನದು. ಮೊದಲ ಪರದೆಯಲ್ಲಿ ಎರಡೇ ಗುಂಡಿ: 'ನನಗಿದು ಹೊಸದು', 'ನನಗೆ ಗೊತ್ತಿದೆ'. ಗೊತ್ತಿರುವವರಿಗೆ ಹನ್ನೊಂದು ಪ್ರಶ್ನೆ, ಹೊಸಬರಿಗೆ ಮೂರು.

ಆ ಮೂರರ ಮೇಲೆ ನಮಗೆ ತಿಂಗಳುಗಟ್ಟಲೆ ಜಗಳ.

"ಮಿಕ್ಕ ಎಂಟಕ್ಕೆ ಅವರ ಪರವಾಗಿ ಉತ್ತರ ಕೊಡೋಕೆ ನೀನ್ಯಾರಣ್ಣ?"

"ಏ ಲಾಯರಮ್ಮ, ಹೊಸಬ್ರಿಗೆ ಹನ್ನೊಂದು ಕೇಳಿದ್ರೆ ಬೆವತು ಎದ್ದು ಹೋಗ್ತಾರೆ."

ಕೊನೆಗೆ ಒಂದು ನಿಯಮಕ್ಕೆ ಬಂದೆವು. ಕೇಳುವುದು ಕಡಿಮೆ ಇರಲಿ, ಆದರೆ ಮುಚ್ಚಿಡುವಂತಿಲ್ಲ. ಕಟ್ಟಕಡೆಯಲ್ಲಿ 'ನಾನು ಮಾಡಿದ್ದು ಇಷ್ಟು' ಎಂಬ ಒಂದು ಪುಟ. ಇನ್‌ಸ್ಟಾಲರ್ ತಾನಾಗಿ ಮಾಡಿದ್ದೆಲ್ಲ ಅಲ್ಲಿ ಕಾಣಬೇಕು. ಅವನು ಕೊಟ್ಟ ಪಟ್ಟಿ ನೋಡಿ ಆ ಪುಟ ಬರೆದವಳು ನಾನು. ಗೆದ್ದೆ ಅಂದುಕೊಂಡೆ.

ಇನ್‌ಸ್ಟಾಲರಿನ ಪರೀಕ್ಷೆಗೆ ಹಾಲೇಶಣ್ಣ ಅಂಜನಾಪುರದಿಂದ ಕುರಿ ಸಾಕುವ ಮಾಲತೇಶಪ್ಪನನ್ನು ಕರೆಸಿದ್ದ. 'ಡಿಸ್ಕ್ ಪೂರ್ತಿ ಅಳಿಸಲೇ?' ಎಂಬಲ್ಲಿ ಅವರು ನಿಂತುಬಿಟ್ಟರು. "ಅಳಿಸಿದ್ರೆ ನನ್ ಟಗರಿನ ಫೋಟೋ ಎಲ್ಲಿಗೆ ಹೋಗ್ತಾವ್ರೀ?" ಹಾಲೇಶಣ್ಣ ತುಟಿ ಕಚ್ಚಿಕೊಂಡು ಕೂತಿದ್ದ, ಅಂಗೈ ತೊಡೆಯ ಕೆಳಗೇ. ಅವರು ಹೋದಮೇಲೆ, "ತಪ್ಪು ಅವ್ರದ್ದಲ್ಲ, ನಿನ್ ವಾಕ್ಯದ್ದು," ಅಂದ. ಆ ವಾಕ್ಯ ಬದಲಾಯಿತು: 'ಇದರಲ್ಲಿರುವ ಫೋಟೋ, ಕಾಗದಪತ್ರ ಎಲ್ಲ ಹೋಗುತ್ತವೆ. ಹೋಗಲಿಯೇ?' ಇಂಥವನನ್ನು ನಂಬದೇ ಇರುವುದು ಹೇಗೆ?

ಕುಪ್ಪಗಡ್ಡೆಯ ಸರೋಜಕ್ಕನ ಹತ್ತಿರ ಇನ್‌ಸ್ಟಾಲರ್ ಒಯ್ದದ್ದು ಆ ನಂಬಿಕೆಯಲ್ಲೇ. ಆಕೆ ಅಲ್ಲಿನ ಹೆಂಗಸರ ಸಂಘ ನಡೆಸುವವಳು. ಮನೆಯಲ್ಲಿ ಏಟು ತಿಂದವರು ಬಂದು ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಾಳೆ. ಅದರಲ್ಲಿ ಒಂದು ಹೆಸರು ಹೊರಗೆ ಬಿದ್ದರೂ ಆ ಹೆಂಗಸು ಮನೆಗೆ ಹೋಗುವಂತಿಲ್ಲ. 'ನನಗಿದು ಹೊಸದು' ಒತ್ತಿ, ಮೂರೂ ಪ್ರಶ್ನೆ ಮುಗಿಸಿದ ಮೇಲೆ ಕೇಳಿದಳು:

"ನನ್ ಬಿಟ್ರೆ ಇದರೊಳಗೆ ಬೇರೆ ಯಾರಾದ್ರೂ ಬರಕ್ಕಾಗ್ತದೇನೇ?"

"ಇಲ್ಲ ಸರೋಜಕ್ಕ. ಮಾಡಿದ್ದೆಲ್ಲ ಕೊನೇ ಪುಟದಲ್ಲಿದೆ, ಓದಿ ನೋಡಿ."

ಓದಿದಳು. ಒಪ್ಪಿದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳ ಫೋನು. "ಮೌಸ್ ಮುಟ್ಟಿಲ್ಲ ಕಣೇ ನಾನು. ಪರದೆ ಮೇಲೆ ಬಾಣ ತನ್ನಷ್ಟಕ್ಕೆ ಓಡಾಡ್ತಿದೆ ಮಾರಾಯ್ತಿ!"

ಇಂಟರ್ನೆಟ್ ತಂತಿ ಕಿತ್ತುಹಾಕಲು ಹೇಳಿ, ನಾನು ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಹೊಸಬರ ದಾರಿಯನ್ನು ಮೊದಲಿಂದ ಕೊನೆಯವರೆಗೆ ನಡೆದೆ. ಮೊದಲ ಸಲ. ಅಲ್ಲಿಯವರೆಗೆ ನಾನು ಪ್ರತಿಸಲವೂ ಒತ್ತಿದ್ದು 'ನನಗೆ ಗೊತ್ತಿದೆ'ಯನ್ನೇ. ಆ ದಾರಿಯಲ್ಲಿ ಒಂಬತ್ತನೇ ಪ್ರಶ್ನೆ, 'ದೂರದಿಂದ ಇನ್ನೊಬ್ಬರು ಈ ಕಂಪ್ಯೂಟರ್ ನಡೆಸಬಹುದೇ?' ಹೊಸಬರಿಗೆ ಆ ಪ್ರಶ್ನೆಯೇ ಇಲ್ಲ. ಮುಗಿದ ಮೇಲೆ ಸೆಟ್ಟಿಂಗ್ ತೆರೆದು ನೋಡಿದರೆ ಉತ್ತರ ಮಾತ್ರ 'ಹೌದು' ಎಂದಿತ್ತು, ಒಳಗೆ ಬರುವ ಕೀಲಿ ಹಾಲೇಶಣ್ಣನ ಹತ್ತಿರ. ನಾನು ಬರೆದ ಕೊನೇ ಪುಟದಲ್ಲಿ ಅದರ ಸುಳಿವಿರಲಿಲ್ಲ.

ಮರುದಿನ ಅಂಗಡಿಗೆ ಹೋದೆ. ಅದುವರೆಗೆ ನೀನು ಅನ್ನುತ್ತಿದ್ದವಳು ಆವತ್ತು ನೀವು ಅಂದೆ.

"ಸರೋಜಕ್ಕನ ಮಿಷಿನ್ನಿಗೆ ಹೋಗಿದ್ದು ನೀವೇನಾ?"

"ಪ್ರಿಂಟರ್ ಕೆಟ್ಟಿತ್ತಲ್ಲವ್ವಾ, ಸರಿ ಮಾಡಿದೆ. ಅಷ್ಟಕ್ಕೆ ಸೊರಬದ ಕಡೆಯಿಂದ ಬಸ್ ಹತ್ತಿ ಬರ್ತಾರೇನು ಅವ್ರು? ದೇವರಾಣೆ, ಒಂದು ಕಾಗದ ತೆಗೆದು ಓದಿಲ್ಲ."

"ಓದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನನ್ನ ಬಾಯಲ್ಲಿ ಇಲ್ಲ ಅನ್ನಿಸಿದ್ರಲ್ಲ! ಹೋಗಲಿ, ಒಳ್ಳೇದಕ್ಕೇ ಮಾಡಿದ್ರೆ ಆ ಪ್ರಶ್ನೇನ ಗೊತ್ತಿರೋರನ್ನ ಮಾತ್ರ ಯಾಕೆ ಕೇಳಿದ್ರಿ?"

ಯಾವ ಕಪಟವೂ ಇಲ್ಲದ ಅದೇ ದನಿಯಲ್ಲಿ, "ಅವ್ರು ಬೈತಾರಲ್ಲವ್ವಾ," ಅಂದ.

ಇದಕ್ಕಿಂತ ದೊಡ್ಡ ಬಿರುಕು ಯಾವ ಎದುರಾಳಿಯೂ ನನಗೆ ಕೊಟ್ಟಿಲ್ಲ. ಅವನು ಸ್ಟೂಲಿನ ಮೇಲೆ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಕೂತಿದ್ದ. ಅದೇ ಕಡೆಯ ಭೇಟಿ.

ಹೊಸಬರ ಪರವಾಗಿ 'ಹೌದು' ಅನ್ನುತ್ತಿದ್ದ ಕೋಡಿನ ಸಾಲನ್ನು ಕಿತ್ತುಹಾಕಿ, ಆ ಇನ್‌ಸ್ಟಾಲರಿನ ಪೆನ್‌ಡ್ರೈವ್ ಹಿಡಿದು ಕುಪ್ಪಗಡ್ಡೆಗೆ ಹೋದೆ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸರೋಜಕ್ಕ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು 'ನನಗೆ ಗೊತ್ತಿದೆ' ಒತ್ತಿದಳು. ಹನ್ನೊಂದು ಪ್ರಶ್ನೆಗಳನ್ನೂ ಗಟ್ಟಿಯಾಗಿ ಓದತೊಡಗಿದಳು. ನಾಲ್ಕನೆಯದರಲ್ಲಿ ತಡವರಿಸಿದಾಗ ನನ್ನ ಕೈ ಮೌಸಿನತ್ತ ಹೊರಟಿತು. ತಡೆದು, ಅಭ್ಯಾಸಬಲದಿಂದ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿದೆ.

ಸರೋಜಕ್ಕ ಓದುವುದು ನಿಲ್ಲಿಸಿದಳು.

"ಕೈ ಮೇಜಿನ ಮೇಲಿಡು," ಅಂದಳು. "ನಂಗೆ ಕಾಣೋ ಹಂಗೆ."